ಪೆಟ್ಟಿಗೆಗಿಂತ ಮೊದಲು ಕಾಗದ: ವಿದೇಶ ಪ್ರಯಾಣದ ಬಗ್ಗೆ ಕೊಡಗಿನ ಓದುಗರ ಪ್ರಶ್ನೆಗಳು

ವಿದೇಶ ಪ್ರಯಾಣದ ಸಿದ್ಧತೆಯ ಬಗ್ಗೆ ಪ್ರಶ್ನೆಗಳನ್ನು ಬರೆದು ಕಳುಹಿಸುವಂತೆ ಹಿಂದಿನ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ಪೆಟ್ಟಿಗೆಯ ತೂಕ, ಚಳಿಯ ಬಟ್ಟೆ, ಡಾಲರಿನ ದರ ಇವೇ ಹೆಚ್ಚಿನ ಪತ್ರಗಳಲ್ಲಿದ್ದವು. ಮಡಿಕೇರಿಯಲ್ಲಿ ಕುಳಿತು ಇಪ್ಪತ್ತು ವರ್ಷಗಳಿಂದ ಪರರ ಅರ್ಜಿ ತುಂಬಿಸಿಕೊಡುತ್ತಾ ಬಂದಿರುವ ನಾನು, ಸ್ವೆಟರ್ ಮರೆತ ಕಾರಣಕ್ಕೆ ಪ್ರಯಾಣ ನಿಂತುಹೋದದ್ದನ್ನು ಈವರೆಗೆ ಕಂಡಿಲ್ಲ; ಹೆಸರಿನ ಒಂದಕ್ಷರ ತಪ್ಪಿದ್ದಕ್ಕೆ ನಿಂತದ್ದನ್ನು ಹಲವು ಬಾರಿ ಕಂಡಿದ್ದೇನೆ. ಆದ್ದರಿಂದ ಹೆಸರಿನ ಬಗ್ಗೆ ಬಂದ ಪತ್ರಕ್ಕೇ ಮೊದಲ ಸ್ಥಾನ ಕೊಟ್ಟಿದ್ದೇನೆ.

ಪ್ರಶ್ನೆ: ನನ್ನ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು ಮತ್ತು ನನ್ನ ಹೆಸರು ಎರಡೂ ಒಂದೇ ಸಾಲಿನಲ್ಲಿವೆ, ಸರ್‌ನೇಮ್ ಎಂಬ ಜಾಗ ಖಾಲಿಯಿದೆ. ಆಧಾರ್‌ನಲ್ಲಿ ಮನೆತನದ ಹೆಸರಿನ ಬದಲು ಇನಿಶಿಯಲ್ ಇದೆ. ದುಬೈಯಲ್ಲಿರುವ ಮಗನ ಮನೆಗೆ ಹೋಗಬೇಕೆಂದಿದ್ದೇನೆ. ತೊಂದರೆಯಾದೀತೇ? (ಓದುಗರು, ನಾಪೋಕ್ಲು)

ಉತ್ತರ: ಕೊಡವರಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ ಬರುವುದು ರೂಢಿ. ಪಾಸ್‌ಪೋರ್ಟ್ ಅರ್ಜಿ ಮಾತ್ರ ಮೊದಲು ಸ್ವಂತ ಹೆಸರನ್ನು, ನಂತರ ಸರ್‌ನೇಮನ್ನು ಕೇಳುತ್ತದೆ. ಹಳೆಯ ಕಾಲದಲ್ಲಿ ಕೈಯಲ್ಲಿ ಅರ್ಜಿ ತುಂಬಿದವರು ನಮ್ಮ ರೂಢಿಯಂತೆ ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದರು. ಕೆಲವರು ಮನೆತನದ ಹೆಸರನ್ನು ಒಂದೇ ಅಕ್ಷರಕ್ಕೆ ಇಳಿಸಿದರು. ಊರಿನಲ್ಲಿ ಅದರಿಂದ ಯಾವ ತೊಡಕೂ ಆಗಲಿಲ್ಲ. ವಿಮಾನ ಸಂಸ್ಥೆಯ ಕಂಪ್ಯೂಟರಿಗೆ ಹಾಗೂ ಹೊರದೇಶದ ವಲಸೆ ಅಧಿಕಾರಿಗೆ ಮಾತ್ರ ಎರಡು ಬೇರೆ ಬೇರೆ ಹೆಸರುಗಳು ಬೇಕೇ ಬೇಕು.

ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರ್‌ನಿಂದ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರನ್ನು ಭೇಟಿ ವೀಸಾದ ಮೇಲೆ ಒಳಗೆ ಬಿಡುವುದಿಲ್ಲವೆಂದು ತಿಳಿಸಿತು. ನಿಮ್ಮ ಸಾಲಿನಲ್ಲಿ ಎರಡು ಪದಗಳಿರುವುದರಿಂದ ಆ ನಿಯಮ ನಿಮಗೆ ನೇರವಾಗಿ ತಟ್ಟುವುದಿಲ್ಲ. ಆದರೂ ಇದೇ ಪಾಸ್‌ಪೋರ್ಟಿನಲ್ಲಿ ಮುಂದುವರಿಯಿರಿ ಎಂದು ನಾನು ಹೇಳಲಾರೆ. ನಾಳೆ ಮಗಳೋ ಸೊಸೆಯೋ ಅಮೆರಿಕಕ್ಕೆ ಕರೆದರೆ, ಅಲ್ಲಿಯ ವೀಸಾದಲ್ಲಿ ನಿಮ್ಮ ಇಡೀ ಹೆಸರು ಸರ್‌ನೇಮ್ ಆಗಿಹೋಗಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂಬ ಮೂರು ಅಕ್ಷರಗಳು ಕುಳಿತುಕೊಳ್ಳುತ್ತವೆ. ಮೊದಲ ಹೆಸರು ತಿಳಿದಿಲ್ಲ ಎಂಬುದರ ಸಂಕ್ಷೇಪ ಅದು. ಅರವತ್ತು ದಾಟಿದ ಮನುಷ್ಯನಿಗೆ ಹೆಸರೇ ಇಲ್ಲವೆಂದು ಸರ್ಕಾರಿ ಕಾಗದ ಹೇಳುವುದನ್ನು ಓದಿ ನಕ್ಕವರೂ ಇದ್ದಾರೆ, ಸಿಟ್ಟಾದವರೂ ಇದ್ದಾರೆ.

ಮೊದಲು ಆಧಾರ್ ಸರಿಪಡಿಸಿಕೊಳ್ಳಿ. ಮನೆತನದ ಹೆಸರು ಪೂರ್ತಿಯಾಗಿ ಅದರಲ್ಲಿ ಬರಲಿ. ಆಮೇಲೆ ಪಾಸ್‌ಪೋರ್ಟಿನ ಮರುವಿತರಣೆಗೆ ಅರ್ಜಿ ಹಾಕಿ, ಮನೆತನದ ಹೆಸರನ್ನು ಸರ್‌ನೇಮ್ ಜಾಗಕ್ಕೆ, ನಿಮ್ಮ ಹೆಸರನ್ನು ಅದರ ಜಾಗಕ್ಕೆ ಹಂಚಿ ಬರೆಯಿರಿ. 36 ಪುಟಗಳ ಪುಸ್ತಕಕ್ಕೆ ಸಾಮಾನ್ಯ ಶುಲ್ಕ 1,500 ರೂಪಾಯಿ. ತತ್ಕಾಲ್ ಬೇಕಿದ್ದರೆ ಮೇಲೆ 2,000 ರೂಪಾಯಿ. ದೇಶದ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳು 2017ರ ಜನವರಿಯಲ್ಲಿ ಆರಂಭವಾದದ್ದು ಗುಜರಾತಿನ ದಾಹೋದ್‌ನಲ್ಲಿ ಮತ್ತು ನಮ್ಮ ಪಕ್ಕದ ಮೈಸೂರಿನಲ್ಲಿ. ಅಂದಿನಿಂದ ಕೊಡಗಿನವರು ಈ ಕೆಲಸಕ್ಕೆ ಬೆಂಗಳೂರಿನವರೆಗೆ ಹೋಗುವ ಅಗತ್ಯ ತಪ್ಪಿದೆ.

ಇಂಗ್ಲಿಷ್ ಕಾಗುಣಿತವನ್ನೂ ಇದೇ ವೇಳೆಗೆ ಒಂದುಗೂಡಿಸಿ. ಪೊನ್ನಪ್ಪ ಎಂಬ ಹೆಸರಿಗೆ ಶಾಲೆಯ ದಾಖಲೆಯಲ್ಲಿ ಎರಡು ‘ಎನ್’, ಪ್ಯಾನ್ ಕಾರ್ಡಿನಲ್ಲಿ ಒಂದೇ ‘ಎನ್’. ಕಾವೇರಮ್ಮ ಬ್ಯಾಂಕಿನಲ್ಲಿ ‘ಸಿ’ಯಿಂದ, ಮತದಾರರ ಪಟ್ಟಿಯಲ್ಲಿ ‘ಕೆ’ಯಿಂದ ಆರಂಭ. ಇಂಥ ಜೋಡಿಗಳನ್ನು ನಾನು ವಾರಕ್ಕೊಂದಾದರೂ ನೋಡುತ್ತೇನೆ. ಮದುವೆಯ ನಂತರ ಗಂಡನ ಮನೆತನದ ಹೆಸರು ಹಾಕಿಕೊಂಡ ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಜಟಿಲ. ತವರಿನ ಹೆಸರನ್ನೇ ಉಳಿಸಿಕೊಳ್ಳುವುದಕ್ಕೆ ಕಾನೂನಿನ ಅಡ್ಡಿಯೇನೂ ಇಲ್ಲ. ಅರ್ಧ ಕಾಗದಗಳಲ್ಲಿ ತವರು, ಅರ್ಧ ಕಾಗದಗಳಲ್ಲಿ ಗಂಡನ ಮನೆ ಎಂದಾದಾಗಲೇ ಪ್ರಶ್ನೆಗಳು ಏಳುತ್ತವೆ.

ಟಿಕೆಟ್ ಮಾಡಿಸುವಾಗ ನೋಡಬೇಕಾದ್ದು ಪಾಸ್‌ಪೋರ್ಟಿನ ಫೋಟೊ ಪುಟದ ಕೆಳತುದಿಯಲ್ಲಿರುವ ಎರಡು ಸಾಲುಗಳನ್ನು. ಒಂದೊಂದು ಸಾಲಿನಲ್ಲಿ 44 ಅಕ್ಷರ ಮತ್ತು ಗುರುತುಗಳಿರುತ್ತವೆ. ಮೊದಲ ಸಾಲಿನಲ್ಲಿ ದೇಶದ ಸಂಕೇತದ ನಂತರ ಸರ್‌ನೇಮ್ ಬರುತ್ತದೆ. ಬಾಣದ ತಲೆಯಂಥ ಗುರುತು ಒಟ್ಟಿಗೆ ಎರಡು ಬಾರಿ ಕಂಡಲ್ಲಿಗೆ ಸರ್‌ನೇಮ್ ಮುಗಿದು ಸ್ವಂತ ಹೆಸರು ಶುರುವಾಯಿತೆಂದು ಅರ್ಥ. ವಿಮಾನ ನಿಲ್ದಾಣದ ಯಂತ್ರ ಓದುವುದು ಈ ಸಾಲುಗಳನ್ನೇ ಆದ್ದರಿಂದ, ಟಿಕೆಟಿನಲ್ಲಿಯೂ ಅದೇ ಕ್ರಮ, ಅದೇ ಕಾಗುಣಿತ ಇರಲಿ.

ಪ್ರಶ್ನೆ: ಪಾಸ್‌ಪೋರ್ಟಿನ ಅವಧಿ ಇನ್ನೂ ನಾಲ್ಕು ತಿಂಗಳಿದೆ. ಪ್ರಯಾಣಕ್ಕೆ ಸಾಕಲ್ಲವೇ? (ಓದುಗರು, ಕುಶಾಲನಗರ)

ಉತ್ತರ: ಸಾಲದು. ಸಿಂಗಾಪುರ, ಸಂಯುಕ್ತ ಅರಬ್ ಸಂಸ್ಥಾನ ಸೇರಿದಂತೆ ಹಲವು ದೇಶಗಳು ಪ್ರವೇಶದ ದಿನಕ್ಕೆ ಆರು ತಿಂಗಳ ಅವಧಿ ಉಳಿದಿರಬೇಕೆನ್ನುತ್ತವೆ. ವೀಸಾ ಅಂಟಿಸುವ ದೇಶವಾದರೆ ಖಾಲಿ ಪುಟಗಳೂ ಬೇಕು.

ನೀವು ಕೇಳದ ಒಂದು ಮಾತನ್ನೂ ಸೇರಿಸುತ್ತೇನೆ. ನಮ್ಮ ಮಳೆಗಾಲದಲ್ಲಿ ಮರದ ಬೀರುವಿನೊಳಗಿನ ರೇಷ್ಮೆ ಸೀರೆಗೆ ಬರುವ ಬೂಷ್ಟು ಪಾಸ್‌ಪೋರ್ಟನ್ನೂ ಬಿಡುವುದಿಲ್ಲ. ಆಗಸ್ಟಿನಲ್ಲಿ ಒಬ್ಬರು ತಂದ ಪುಸ್ತಕದ ಫೋಟೊ ಪುಟದ ಅಂಚು ಎದ್ದುಬಂದು, ಹೊಲಿಗೆಯ ಉದ್ದಕ್ಕೂ ಹಸಿರು ಚುಕ್ಕಿಗಳು ಮೂಡಿದ್ದವು. ಅವಧಿ ಆರು ವರ್ಷ ಬಾಕಿಯಿದ್ದರೂ ಹಾಳಾದ ಪಾಸ್‌ಪೋರ್ಟ್ ಎಂದೇ ಅದನ್ನು ಬದಲಾಯಿಸಬೇಕಾಯಿತು. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಹೊಸ ಬೂಟಿನ ಪೆಟ್ಟಿಗೆಯೊಳಗೆ ಬರುವ ತೇವ ಹೀರುವ ಪೊಟ್ಟಣಗಳೊಂದಿಗೆ ಇಡಿ. ತಿಂಗಳಿಗೊಮ್ಮೆ ತೆಗೆದು ನೋಡಿ.

ಪ್ರಶ್ನೆ: ಜರ್ಮನಿಯಲ್ಲಿರುವ ಮಗಳಿಗೆ ಡಿಸೆಂಬರ್ ಮಧ್ಯದಲ್ಲಿ ಹೆರಿಗೆಯ ದಿನ ಕೊಟ್ಟಿದ್ದಾರೆ. ಬಾಣಂತನಕ್ಕೆ ನಾಲ್ಕು ತಿಂಗಳು ಇರಬೇಕೆಂದು ಆಸೆ. ನನಗೆ 64 ವರ್ಷ, ಸಕ್ಕರೆ ಕಾಯಿಲೆ ಇದೆ. ನಮಗಿರುವುದು ಕಾಫಿ ತೋಟ ಮಾತ್ರ. ಆದಾಯ ತೆರಿಗೆ ಕಟ್ಟಿದ ದಾಖಲೆ ಇಲ್ಲ. ವೀಸಾ ಸಿಗುವುದೇ? (ಓದುಗಿ, ಪೊನ್ನಂಪೇಟೆ)

ಉತ್ತರ: ಷೆಂಗೆನ್ ಒಪ್ಪಂದದ 29 ದೇಶಗಳಿಗೆ ಸೇರಿ ಕೊಡುವ ಅಲ್ಪಾವಧಿ ವೀಸಾದಲ್ಲಿ, ಯಾವುದೇ 180 ದಿನಗಳ ಒಳಗೆ 90 ದಿನ ಮಾತ್ರ ಇರಲು ಅವಕಾಶ. ಇಳಿದ ದಿನವೂ ಹೊರಟ ದಿನವೂ ಲೆಕ್ಕಕ್ಕೆ ಸೇರುತ್ತವೆ. ನಾಲ್ಕು ತಿಂಗಳ ಆಸೆಯನ್ನು ಈಗಲೇ ಮೂರಕ್ಕೆ ಇಳಿಸಿಕೊಳ್ಳಿ. ಮಗು ಹೇಳಿದ ದಿನಕ್ಕೇ ಬರುವುದಿಲ್ಲವಾದ್ದರಿಂದ ನವೆಂಬರ್ ಕೊನೆಯ ವಾರದಲ್ಲಿ ಹೋಗಿ ಫೆಬ್ರವರಿ ಮೂರನೆಯ ವಾರದಲ್ಲಿ ಮರಳುವುದು ನನ್ನ ಲೆಕ್ಕದಲ್ಲಿ ಸರಿಯಾದ ಹೊಂದಾಣಿಕೆ. ಸುಗ್ಗಿಹಬ್ಬವಾದ ಪುತ್ತರಿಯ ಕದಿರು ತೆಗೆಯುವ ರಾತ್ರಿ ಮನೆಯಲ್ಲಿ ಇಲ್ಲದಿರಬಹುದು, ರೋಬಸ್ಟಾ ಕಾಫಿಯ ಕೊಯ್ಲಿನ ಬಹುಪಾಲು ನಿಮ್ಮ ಗೈರಿನಲ್ಲೇ ಮುಗಿಯಬಹುದು, ಅದಕ್ಕೆ ಯಾರನ್ನು ನಿಲ್ಲಿಸುವುದೆಂದು ಮೊದಲೇ ತೀರ್ಮಾನಿಸಿ. ವೀಸಾ ಚೀಟಿಯಲ್ಲಿ ‘ಇಂಥ ದಿನದಿಂದ ಇಂಥ ದಿನದವರೆಗೆ’ ಎಂಬುದು ಒಂದು, ಉಳಿಯಬಹುದಾದ ದಿನಗಳ ಸಂಖ್ಯೆ ಇನ್ನೊಂದು. ಮೊದಲನೆಯದು ಉದ್ದವಾಗಿದ್ದರೂ ಎರಡನೆಯದನ್ನು ಮೀರುವಂತಿಲ್ಲ. 2025ರ ಅಕ್ಟೋಬರ್ 12ರಿಂದ ಆ ದೇಶಗಳ ಗಡಿಗಳಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಮುಖದ ಚಿತ್ರ ಮತ್ತು ಬೆರಳಚ್ಚು ಪಡೆದು ಕಂಪ್ಯೂಟರಿನಲ್ಲಿ ದಾಖಲಿಸುವ ವ್ಯವಸ್ಥೆ ಹಂತ ಹಂತವಾಗಿ ಜಾರಿಗೆ ಬಂದಿದೆ. ಒಂದು ದಿನ ಹೆಚ್ಚಾದರೂ ಲೆಕ್ಕ ತಾನೇ ಸಿಗುತ್ತದೆ.

ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಹಾಕಬಹುದು. ಕೊನೆಯ ಮಿತಿ 15 ದಿನ. ಆದರೆ ಬೆರಳಚ್ಚು ಕೊಡುವ ದಿನಾಂಕ ಸಿಗುವುದೇ ಕಷ್ಟವಾಗುವ ತಿಂಗಳುಗಳಿರುವುದರಿಂದ ಆಗಸ್ಟ್‌ನಲ್ಲಿಯೇ ಆರಂಭಿಸಿ. ಶುಲ್ಕ 90 ಯೂರೊ. ಅರ್ಜಿ ಸ್ವೀಕರಿಸುವ ಕೇಂದ್ರದ ಸೇವಾ ಶುಲ್ಕ ಬೇರೆ. ಪಾಸ್‌ಪೋರ್ಟ್ ಕಳೆದ 10 ವರ್ಷಗಳೊಳಗೆ ಕೊಟ್ಟದ್ದಾಗಿರಬೇಕು, ಅಲ್ಲಿಂದ ಹೊರಡುವ ದಿನದ ನಂತರ ಮೂರು ತಿಂಗಳ ಅವಧಿ ಉಳಿದಿರಬೇಕು, ಎರಡು ಪುಟ ಖಾಲಿ ಇರಬೇಕು. ಕನಿಷ್ಠ 30,000 ಯೂರೊ ವೆಚ್ಚ ಭರಿಸುವ ವೈದ್ಯಕೀಯ ವಿಮೆ ಕಡ್ಡಾಯ. ನಿಮಗೆ ಸಕ್ಕರೆ ಕಾಯಿಲೆ ಇರುವುದರಿಂದ, ಈಗಾಗಲೇ ಇರುವ ಕಾಯಿಲೆಗಳ ಬಗ್ಗೆ ಆ ಪಾಲಿಸಿ ಏನು ಹೇಳುತ್ತದೆ ಎಂಬ ಪುಟವನ್ನು ಓದದೆ ಹಣ ಕಟ್ಟಬೇಡಿ. ಅಗ್ಗದ ಪಾಲಿಸಿಗಳಲ್ಲಿ ಹೆಚ್ಚಿನವು ಅವುಗಳನ್ನು ಹೊರಗಿಡುತ್ತವೆ.

ಇನ್ನು ಆದಾಯದ ವಿಷಯ. ಕೊಡಗಿನ ಅರ್ಜಿಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಬೆಳೆದ ಕಾಫಿಯನ್ನು ಕ್ಯೂರಿಂಗ್ (ಸಿಪ್ಪೆ ತೆಗೆದು ಹಸನುಗೊಳಿಸುವುದು) ಮಾಡಿಸದೆ, ಹಣ್ಣನ್ನೇ ಒಣಗಿಸಿದ ಚೆರ್ರಿಯಾಗಿಯೋ ತಿರುಳು ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಆಗಿಯೋ ಮಾರುವ ಬೆಳೆಗಾರರದ್ದು ಕೃಷಿ ಆದಾಯ. ಅದಕ್ಕೆ ಆದಾಯ ತೆರಿಗೆ ಇಲ್ಲ, ಹಾಗಾಗಿ ತೆರಿಗೆ ವಿವರ ಪತ್ರವೂ ಇರುವುದಿಲ್ಲ. ಇದು ತಪ್ಪಲ್ಲ, ಆದರೆ ದೂತಾವಾಸದ ಅಧಿಕಾರಿಗೆ ತಿಳಿಸಿ ಹೇಳಬೇಕಾದ ವಿಷಯ. ಪಹಣಿಯನ್ನು ಲಗತ್ತಿಸಿದರೆ ಸಾಕೆಂದು ಅನೇಕರು ಭಾವಿಸುತ್ತಾರೆ. ತಲೆಮಾರುಗಳಿಂದ ಕುಟುಂಬಕ್ಕೆ ಬಂದ ಜಮ್ಮಾ ಹಿಡುವಳಿಯ ಪಹಣಿಯಲ್ಲಿ ಮನೆತನದ ಹಿರಿಯರಾದ ಪಟ್ಟೆದಾರರ ಹೆಸರು, ಕೆಲವು ಸಲ ತೀರಿಹೋದ ಹಿರಿಯರ ಹೆಸರು ಇರುತ್ತದೆ. ನಿಮ್ಮ ಹೆಸರನ್ನು ಹುಡುಕುವ ಅಧಿಕಾರಿಗೆ ಅದು ಬೇರೆ ಯಾರದ್ದೋ ಜಮೀನಿನಂತೆ ಕಾಣುತ್ತದೆ. ಪಹಣಿಯ ಇಂಗ್ಲಿಷ್ ಅನುವಾದದ ಜೊತೆಗೆ, ಕುಟುಂಬದ ಹಿಡುವಳಿಯಲ್ಲಿ ನಿಮ್ಮ ಪಾಲು ಯಾವುದು, ಆದಾಯ ಎಲ್ಲಿಂದ, ತೆರಿಗೆ ವಿವರ ಏಕಿಲ್ಲ ಎಂಬುದನ್ನು ಒಂದು ಪುಟದಲ್ಲಿ ಬರೆದು, ಕಾಫಿ ಮತ್ತು ಮೆಣಸು ಮಾರಿದ ಬಿಲ್ಲುಗಳನ್ನು ಬ್ಯಾಂಕ್ ಖಾತೆಯ ಜಮೆಗಳೊಂದಿಗೆ ಹೊಂದಿಸಿ ಕೊಡಿ. ಅರ್ಜಿಯ ಹಿಂದಿನ ವಾರ ಖಾತೆಗೆ ದಿಢೀರನೆ ಬಿದ್ದ ದೊಡ್ಡ ಮೊತ್ತ ಅನುಕೂಲಕ್ಕಿಂತ ಅನುಮಾನವನ್ನೇ ತರುತ್ತದೆ.

ಮಗಳು ಅಲ್ಲಿಯ ವಿದೇಶಿಯರ ಕಚೇರಿಯಲ್ಲಿ ಹೊಣೆಪತ್ರವೊಂದನ್ನು ಮಾಡಿಸಿ ಕಳುಹಿಸಬಹುದು. ನಿಮ್ಮ ಖರ್ಚಿಗೆ ತಾನು ಹೊಣೆ ಎಂದು ಅಧಿಕಾರಿಯ ಮುಂದೆ ಬರೆದುಕೊಡುವ ಪತ್ರವದು. ಅದು ಇದ್ದರೆ ಹಣದ ಪ್ರಶ್ನೆ ಬಹುಮಟ್ಟಿಗೆ ಇತ್ಯರ್ಥವಾಗುತ್ತದೆ, ಊರಿಗೆ ಮರಳುವಿರಿ ಎಂಬುದಕ್ಕೆ ಮಾತ್ರ ತೋಟದ ಕಾಗದಗಳೇ ಆಧಾರ. ಮಗಳ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು ನಿಮ್ಮ ಪಾಸ್‌ಪೋರ್ಟಿನಂತೆಯೇ ಇದೆಯೇ ಎಂದು ಇಂದೇ ತೆಗೆದು ನೋಡಿ. ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಅದು ಕೈಚೀಲದಲ್ಲಿಯೇ ಇರಲಿ, ಔಷಧದ ಮೂಲ ಹೆಸರು ಬರೆದ ವೈದ್ಯರ ಚೀಟಿಯೂ ಜೊತೆಗಿರಲಿ. ಪಶ್ಚಿಮಕ್ಕೆ ಹೋಗುವಾಗ ದಿನ ಉದ್ದವಾಗುವುದರಿಂದ ಡೋಸಿನ ಹೊತ್ತನ್ನು ಹೇಗೆ ಬದಲಿಸಬೇಕೆಂದು ನಿಮ್ಮ ವೈದ್ಯರನ್ನೇ ಕೇಳಿ ಬರೆಸಿಕೊಳ್ಳಿ.

ಪ್ರಶ್ನೆ: ಮಕ್ಕಳಿಗೆ ಪಂದಿ (ಹಂದಿಮಾಂಸದ) ಉಪ್ಪಿನಕಾಯಿ, ಕಾಚಂಪುಳಿ, ಜೇನು, ಮೆಣಸು, ಕಾಫಿಪುಡಿ ಒಯ್ಯಬಹುದೇ? ಒಬ್ಬ ಮಗ ಆಸ್ಟ್ರೇಲಿಯಾದಲ್ಲಿ, ಇನ್ನೊಬ್ಬ ಫ್ರಾನ್ಸಿನಲ್ಲಿ. (ಓದುಗಿ, ವಿರಾಜಪೇಟೆ)

ಉತ್ತರ: ಪಂದಿ ಉಪ್ಪಿನಕಾಯಿಯನ್ನು ಎರಡೂ ಕಡೆಗೆ ಬಿಟ್ಟುಬಿಡಿ. ಐರೋಪ್ಯ ಒಕ್ಕೂಟಕ್ಕೆ ಹೊರಗಿನ ದೇಶಗಳಿಂದ ಪ್ರಯಾಣಿಕರು ಮಾಂಸದ ಪದಾರ್ಥಗಳನ್ನೂ ಹಾಲಿನ ಪದಾರ್ಥಗಳನ್ನೂ ತರುವಂತಿಲ್ಲ; ಎಂದರೆ ತುಪ್ಪಕ್ಕೂ ದಾರಿ ಮುಚ್ಚಿದಂತೆ. ಎಷ್ಟೇ ಹುರಿದಿದ್ದರೂ, ಎಷ್ಟೇ ಎಣ್ಣೆಯಲ್ಲಿ ಮುಳುಗಿದ್ದರೂ ಮಾಂಸ ಮಾಂಸವೇ. ಜೇನಿಗೆ ಅಲ್ಲಿ ಒಬ್ಬರಿಗೆ 2 ಕೆ.ಜಿ.ಯವರೆಗೆ ಅವಕಾಶವಿದೆ. ತೋಟದ ಕಿತ್ತಳೆಯಂಥ ತಾಜಾ ಹಣ್ಣಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಾಗುತ್ತದೆ. ಕಡಂಬುಟ್ಟಿನ ಅಕ್ಕಿತರಿ, ಹುರಿದು ಪುಡಿಮಾಡಿದ ಕಾಫಿ, ಒಣಗಿದ ಮೆಣಸು ಇವಕ್ಕೆ ಸಾಮಾನ್ಯವಾಗಿ ತಕರಾರು ಬರುವುದಿಲ್ಲ.

ಆಸ್ಟ್ರೇಲಿಯಾದ ಮಾತು ಬೇರೆ. ಅಲ್ಲಿ ಇಳಿಯುವ ಮುನ್ನ ಕೊಡುವ ಚೀಟಿಯಲ್ಲಿ ತಿನಿಸು, ಬೀಜ, ಸಸ್ಯ, ಪ್ರಾಣಿಜನ್ಯ ವಸ್ತು ಏನೇ ಇದ್ದರೂ ‘ಹೌದು’ ಎಂದು ಗುರುತು ಹಾಕಬೇಕು. ಘೋಷಿಸಿದ ವಸ್ತುವನ್ನು ಹೆಚ್ಚೆಂದರೆ ಕಸದ ಡಬ್ಬಿಗೆ ಹಾಕುತ್ತಾರೆ, ಮುಚ್ಚಿಟ್ಟದ್ದಕ್ಕೆ ದಂಡ ಹಾಕುತ್ತಾರೆ. ಪಕ್ಕದ ನ್ಯೂಜಿಲೆಂಡಿನಲ್ಲಿ ಆ ದಂಡ ಸ್ಥಳದಲ್ಲೇ ಆ ದೇಶದ 400 ಡಾಲರ್. ಹುರಿದ ಕಾಫಿಪುಡಿ ನಡೆಯುತ್ತದೆ. ಹಸಿ ಕಾಫಿಬೀಜದ ಗೊಡವೆ ಬೇಡ. ಅದೇ ಚೀಟಿಯಲ್ಲಿ, ಕಳೆದ 30 ದಿನಗಳಲ್ಲಿ ಹೊಲ-ತೋಟ, ಸಾಕುಪ್ರಾಣಿ, ಕಾಡು, ಹೊಳೆಗಳ ಸಂಪರ್ಕಕ್ಕೆ ಬಂದಿದ್ದೀರಾ ಎಂಬ ಪ್ರಶ್ನೆಯೂ ಇದೆ. ಕೊಡಗಿನಿಂದ ಹೊರಟ ಯಾರು ತಾನೇ ಇಲ್ಲವೆನ್ನಲು ಸಾಧ್ಯ? ಹೌದೆಂದು ಬರೆಯಿರಿ. ಅಧಿಕಾರಿ ನೋಡುವುದು ಮುಖ್ಯವಾಗಿ ಬೂಟಿನ ಅಡಿಯನ್ನು. ತೋಟದ ಕೆಂಪುಮಣ್ಣು ಕಚ್ಚಿಕೊಂಡ ಬೂಟುಗಳನ್ನು ಮನೆಯಲ್ಲೇ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಗೀರುಗೀರಿನಲ್ಲೂ ತಿಕ್ಕಿ, ಬಿಸಿಲಿಗೆ ಒಣಗಿಸಿ ಒಯ್ದರೆ ಐದು ನಿಮಿಷದಲ್ಲಿ ಹೊರಬೀಳುತ್ತೀರಿ.

ಕೊಲ್ಲಿ ದೇಶಗಳಿಗೆ ಹೋಗುವವರೂ ಇದನ್ನು ಓದುತ್ತಿರಬಹುದು: ನಮ್ಮ ಅಡುಗೆಮನೆಯ ಗಸಗಸೆ ಸಂಯುಕ್ತ ಅರಬ್ ಸಂಸ್ಥಾನದಲ್ಲಿಯೂ ಸೌದಿಯಲ್ಲಿಯೂ ಮಾದಕ ವಸ್ತುವಿನ ಸಾಲಿಗೆ ಸೇರಿದೆ. ಮಸಾಲೆ ಪುಡಿಯಲ್ಲಿ ಬೆರೆತಿದ್ದರೂ ಒಯ್ಯಬೇಡಿ.

ಕಾಚಂಪುಳಿ ಹಣ್ಣಿನ ರಸವಾದ್ದರಿಂದ ಅದಕ್ಕೆ ಮಾಂಸದ ತೊಡಕಿಲ್ಲ, ಆದರೆ ಅದು ದ್ರವ. ಕೈಚೀಲದಲ್ಲಿ 100 ಮಿ.ಲೀ. ಮೀರಿದ ಬಾಟಲಿಗೆ ಜಾಗವಿಲ್ಲ; ಚೆಕ್-ಇನ್‌ನಲ್ಲಿ ಒಪ್ಪಿಸುವ ಪೆಟ್ಟಿಗೆಯಲ್ಲಿಡಬೇಕು. ಇಡುವ ಬಗೆಯನ್ನು ನಾನು ಕಷ್ಟಪಟ್ಟು ಕಲಿತಿದ್ದೇನೆ. ಒಮ್ಮೆ ಗಾಜಿನ ಬಾಟಲಿಯ ಬಾಯಿಗೆ ಬಟ್ಟೆ ಕಟ್ಟಿ, ಅಂಗಿಗಳ ನಡುವೆ ಸುತ್ತಿಟ್ಟು ಹೋಗಿದ್ದೆ. ಅಲ್ಲಿ ಪೆಟ್ಟಿಗೆ ತೆರೆದಾಗ ಮೂರು ಬಿಳಿ ಅಂಗಿಗಳು ಟಾರು ಬಳಿದಂತೆ ಕಪ್ಪಾಗಿ, ಕೋಣೆಯೆಲ್ಲ ಹುಳಿ ವಾಸನೆ. ಆ ಕಲೆ ಇಂದಿಗೂ ಹೋಗಿಲ್ಲ. ಈಗ ದಪ್ಪ ಪ್ಲಾಸ್ಟಿಕ್ ಬಾಟಲಿಯಲ್ಲಿ ಮುಕ್ಕಾಲು ಭಾಗ ಮಾತ್ರ ತುಂಬಿ, ಮುಚ್ಚಳಕ್ಕೆ ಟೇಪು ಸುತ್ತಿ, ಒಂದರೊಳಗೊಂದರಂತೆ ಎರಡು ಜಿಪ್ ಚೀಲಗಳಲ್ಲಿ ಹಾಕಿ, ಬಟ್ಟೆಯಿಂದ ದೂರ, ಬೂಟಿನೊಳಗೆ ನಿಲ್ಲಿಸುತ್ತೇನೆ. ಹಾಗೆಯೇ ಕೊಬ್ಬರಿ: ಅದರ ಎಣ್ಣೆಯಂಶ ಬೆಂಕಿ ಹಿಡಿಯುವಂಥದ್ದೆಂಬ ಕಾರಣಕ್ಕೆ ಪೆಟ್ಟಿಗೆಯಿಂದ ತೆಗೆಸುತ್ತಾರೆ. ಪವರ್ ಬ್ಯಾಂಕ್ ಇದಕ್ಕೆ ತದ್ವಿರುದ್ಧ, ಅದು ಕೈಚೀಲದಲ್ಲಿಯೇ ಇರಬೇಕು.

ಪ್ರಶ್ನೆ: ನಾವು ಎಂಟು ಮಂದಿ ಬೆಳೆಗಾರರು ವಿಯೆಟ್ನಾಂನ ಕಾಫಿ ತೋಟಗಳನ್ನು ನೋಡಲು ಹೋಗಬೇಕೆಂದಿದ್ದೇವೆ. ಯಾವ ತಿಂಗಳು ಒಳ್ಳೆಯದು? (ಓದುಗರು, ಸಿದ್ದಾಪುರ)

ಉತ್ತರ: ನವೆಂಬರ್. ವಿಯೆಟ್ನಾಂನ ಮಧ್ಯ ಎತ್ತರದ ಪ್ರದೇಶದಲ್ಲಿ, ಡಾಕ್ ಲಾಕ್ ಪ್ರಾಂತ್ಯದ ಬುವೊನ್ ಮಾ ಥುವೊಟ್ ಸುತ್ತಮುತ್ತ, ಮೇಯಿಂದ ಅಕ್ಟೋಬರ್‌ವರೆಗೆ ಮಳೆ. ಕೊಯ್ಲು ಅಕ್ಟೋಬರ್‌ನಿಂದ ಜನವರಿಯವರೆಗೆ. ನಮ್ಮ ರೋಬಸ್ಟಾ ಕೊಯ್ಲು ಬಿರುಸಾಗುವುದು ಜನವರಿಯ ಹೊತ್ತಿಗಾದ್ದರಿಂದ ನವೆಂಬರಿನಲ್ಲಿ ಅವರ ಕಣವನ್ನೂ ನೋಡಬಹುದು, ನಮ್ಮದಕ್ಕೂ ಹೊತ್ತಿಗೆ ಮರಳಬಹುದು. ಅರೇಬಿಕಾ ಹೆಚ್ಚಿರುವವರಿಗೆ ಮಾತ್ರ ಆ ತಿಂಗಳು ತೋಟ ಬಿಡುವುದು ಕಷ್ಟ. ಫೆಬ್ರವರಿ-ಮಾರ್ಚ್ ಬೇಡವೇ ಬೇಡ. ಹೂಮಳೆಗೆ ಕಾಯುತ್ತಾ ಸ್ಪ್ರಿಂಕ್ಲರ್ ಹೊಂದಿಸುವ ದಿನಗಳಲ್ಲಿ ಪರದೇಶದಲ್ಲಿ ಕುಳಿತವನ ಮನಸ್ಸು ತೋಟದಲ್ಲಿಯೇ ಇರುತ್ತದೆ.

ವೀಸಾ ಸುಲಭ. 2023ರ ಆಗಸ್ಟ್ 15ರಿಂದ ಎಲ್ಲ ದೇಶಗಳವರಿಗೂ 90 ದಿನಗಳವರೆಗಿನ ಇ-ವೀಸಾ ಕೊಡುತ್ತಿದ್ದಾರೆ. ಒಂದು ಪ್ರವೇಶಕ್ಕೆ 25 ಡಾಲರ್, ಹಲವು ಪ್ರವೇಶಕ್ಕೆ 50 ಡಾಲರ್. ಸರ್ಕಾರದ ಜಾಲತಾಣವನ್ನೇ ಹೋಲುವ ದಲ್ಲಾಳಿ ತಾಣಗಳು ಇದಕ್ಕೆ ಎರಡು ಮೂರು ಪಟ್ಟು ಕೇಳುತ್ತವೆ. ಎಂಟು ಮಂದಿಯ ಅರ್ಜಿಯನ್ನು ಒಬ್ಬರೇ ತುಂಬಿ, ಇನ್ನೊಬ್ಬರು ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದು ಸಂಖ್ಯೆಗಳನ್ನು ಗಟ್ಟಿಯಾಗಿ ಓದಿಸಿ ನೋಡಿ. ಹೋ ಚಿ ಮಿನ್ಹ್ ನಗರದಿಂದ ಬುವೊನ್ ಮಾ ಥುವೊಟ್‌ಗೆ ರಸ್ತೆಯಲ್ಲಿ ಸುಮಾರು 350 ಕಿ.ಮೀ.; ದೇಶದೊಳಗಿನ ವಿಮಾನವೂ ಇದೆ. ಅಲ್ಲಿ ನಮ್ಮಂತೆ ಎರಡು ಹಂತದ ನೆರಳಿಲ್ಲ, ಬಹುತೇಕ ಬಯಲಿನ ಬಿಸಿಲಿಗೆ ನಿಂತ ಗಿಡಗಳು, ನೀರಾವರಿ, ನಡುವೆ ಮೆಣಸು ಮತ್ತು ಡ್ಯುರಿಯನ್. ಇಳುವರಿ ಕಂಡು ಬೆರಗಾಗುವುದು ಸಹಜ.

ಬೆರಗಿನಲ್ಲಿ ಒಂದು ಹಿಡಿ ಬೀಜವನ್ನು ಜೇಬಿಗಿಳಿಸಿಕೊಂಡು ಬರಬೇಡಿ. ಕಾಫಿ ಹಣ್ಣನ್ನು ಕೊರೆಯುವ ಕಾಯಿಕೊರಕ ಕೀಟ ಈ ದೇಶದಲ್ಲಿ ಮೊದಲು ಕಾಣಿಸಿಕೊಂಡದ್ದು 1990ರಲ್ಲಿ, ಗೂಡಲೂರಿನ ಕಡೆ. ಅಲ್ಲಿಂದ ನಮ್ಮ ತೋಟಗಳಿಗೆ ಬಂದು ಏನು ಮಾಡಿತೆಂದು ನಿಮಗೆ ನಾನು ಹೇಳಬೇಕಿಲ್ಲ. ಅನುಮತಿಯಿಲ್ಲದೆ ಬೀಜ ಅಥವಾ ಸಸಿ ತರುವುದು ಸಸ್ಯ ಸಂಗರೋಧ ನಿಯಮದ ಉಲ್ಲಂಘನೆಯೂ ಹೌದು. ಬರುವ ಮೊದಲು ಅಲ್ಲಿಯೇ ಬೂಟು ತೊಳೆಯಿರಿ.

ಇದೇ ತಂಡ ಮುಂದೆಂದಾದರೂ ಉಗಾಂಡಕ್ಕೋ ಇಥಿಯೋಪಿಯಕ್ಕೋ ಹೊರಟರೆ ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಬೇಕು. ಆ ಪ್ರಮಾಣಪತ್ರಕ್ಕೆ 2016ರ ಜುಲೈನಿಂದ ಜೀವಮಾನದ ಮಾನ್ಯತೆಯಿದೆ. ಅದಿಲ್ಲದೆ ಮರಳಿದರೆ ನಮ್ಮ ದೇಶವೇ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಪ್ರಶ್ನೆ: ಹಣವನ್ನು ಹೇಗೆ ಒಯ್ಯುವುದು? (ಓದುಗರು, ಸೋಮವಾರಪೇಟೆ)

ಉತ್ತರ: ವಿದೇಶಿ ನೋಟುಗಳನ್ನು ಸಾಮಾನ್ಯವಾಗಿ ಒಬ್ಬರಿಗೆ ಒಂದು ಪ್ರಯಾಣಕ್ಕೆ 3,000 ಡಾಲರ್ ಮೌಲ್ಯದವರೆಗೆ ಮಾತ್ರ ಕೊಡುತ್ತಾರೆ. ಅಷ್ಟೂ ಬೇಕಿಲ್ಲ, ಮೊದಲ ಎರಡು ದಿನಕ್ಕಾಗುವಷ್ಟು ನಗದು, ಉಳಿದದ್ದು ವಿದೇಶಿ ಹಣ ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡಿನಲ್ಲಿರಲಿ. ಅಂಗಡಿಯ ಯಂತ್ರ ‘ರೂಪಾಯಿಯಲ್ಲಿ ಕೊಡುತ್ತೀರಾ’ ಎಂದು ಕೇಳಿದರೆ ಬೇಡವೆಂದು ಅಲ್ಲಿಯ ಹಣವನ್ನೇ ಆರಿಸಿ, ಇಲ್ಲವಾದರೆ ವಿನಿಮಯದಲ್ಲಿ ಕಳೆದುಕೊಳ್ಳುತ್ತೀರಿ. ನಮ್ಮ ರೂಪಾಯಿಯನ್ನು 25,000ದವರೆಗೆ ಒಯ್ಯಬಹುದು. ಮರಳಿ ಬಂದ ರಾತ್ರಿ ಘಟ್ಟ ಹತ್ತುವ ಟ್ಯಾಕ್ಸಿಗೆ ಬೇಕಾಗುತ್ತದೆ. ಬ್ಯಾಂಕಿನ ಒಟಿಪಿ ಬರುವ ಸಿಮ್‌ಗೆ ರೋಮಿಂಗ್ ಹಾಕಿಸಿ, ಊರಿನಲ್ಲಿರುವಾಗಲೇ ಪರೀಕ್ಷಿಸಿ.

ಪ್ರಶ್ನೆ: ಕಣ್ಣೂರು, ಮಂಗಳೂರು, ಬೆಂಗಳೂರು: ಯಾವ ವಿಮಾನ ನಿಲ್ದಾಣ ಒಳ್ಳೆಯದು? (ಓದುಗರು, ಮಡಿಕೇರಿ)

ಉತ್ತರ: ಕೊಲ್ಲಿಗೆ ಹೋಗುವ ದಕ್ಷಿಣ ಕೊಡಗಿನವರಿಗೆ ಕಣ್ಣೂರು. 2018ರ ಡಿಸೆಂಬರ್ 9ರಂದು ಆರಂಭವಾದ ಮಟ್ಟನ್ನೂರಿನ ಆ ನಿಲ್ದಾಣ ವಿರಾಜಪೇಟೆಯಿಂದ ಮಾಕುಟ್ಟ, ಇರಿಟ್ಟಿ ಮಾರ್ಗವಾಗಿ 60 ಕಿ.ಮೀ. ಆಸುಪಾಸಿನಲ್ಲಿದೆ. ಮಡಿಕೇರಿಯಿಂದ ಮಂಗಳೂರು ಸುಮಾರು 140 ಕಿ.ಮೀ. ಯೂರೋಪು, ಅಮೆರಿಕಗಳಿಗಾದರೆ ಬೆಂಗಳೂರಿನ ದೇವನಹಳ್ಳಿಯೇ ಸರಿ, ದಾರಿ ಉದ್ದವಾದರೂ ಘಟ್ಟವಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಉತ್ತರ ಬದಲಾಗುತ್ತದೆ. 2018ರಲ್ಲಿ ಜೂನ್ ತಿಂಗಳಿನಲ್ಲೇ ಮಾಕುಟ್ಟದ ರಸ್ತೆ ಕುಸಿಯಿತು, ಆಗಸ್ಟಿನಲ್ಲಿ ಮದೆನಾಡು, ಜೋಡುಪಾಲದ ಕಡೆ ಗುಡ್ಡವೇ ಜಾರಿ ಮಂಗಳೂರಿನ ದಾರಿ ವಾರಗಟ್ಟಲೆ ಮುಚ್ಚಿತು. ಮಳೆಗಾಲದಲ್ಲಿ ಘಟ್ಟದ ಕೆಳಗಿನ ನಿಲ್ದಾಣದಿಂದ ಟಿಕೆಟ್ ಇದ್ದರೆ ಹಿಂದಿನ ದಿನವೇ ಇಳಿದು ಅಲ್ಲಿ ತಂಗಿ. ಲಾಡ್ಜಿನ ಬಾಡಿಗೆ ಟಿಕೆಟಿನ ಬೆಲೆಗಿಂತ ಕಡಿಮೆ. ಮರ ಬಿದ್ದು ಕರೆಂಟು, ನೆಟ್‌ವರ್ಕ್ ಎರಡೂ ಹೋದ ಸಂಜೆ ಬೋರ್ಡಿಂಗ್ ಪಾಸ್ ಫೋನಿನಲ್ಲಿದ್ದು ಪ್ರಯೋಜನವಿಲ್ಲ, ಎಲ್ಲವನ್ನೂ ಮುದ್ರಿಸಿಕೊಳ್ಳಿ.

ಪ್ರಶ್ನೆ: ಕೊಲ್ಲಿಯಲ್ಲಿ ಕೆಲಸವಿದೆ, ಮೊದಲು ವಿಸಿಟ್ ವೀಸಾದಲ್ಲಿ ಬಾ, ಅಲ್ಲಿ ಬದಲಿಸಿಕೊಡುತ್ತೇವೆ ಎಂದು ಏಜೆಂಟರೊಬ್ಬರು ಒಂದೂವರೆ ಲಕ್ಷ ಕೇಳಿದ್ದಾರೆ. (ಓದುಗರು, ಸುಂಟಿಕೊಪ್ಪ)

ಉತ್ತರ: ಕೊಡಬೇಡಿ. ನೋಂದಾಯಿತ ನೇಮಕಾತಿ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಅವರ ನೋಂದಣಿ ಸಂಖ್ಯೆ ಇದೆಯೇ ನೋಡಿ. ಭೇಟಿ ವೀಸಾದಲ್ಲಿ ಕೆಲಸಕ್ಕೆ ಹೋದವರಿಗೆ ಒಪ್ಪಂದವಿಲ್ಲ, ವಿಮೆಯಿಲ್ಲ, ಸಂಬಳ ತಡೆದರೆ ದೂರಲು ಹಕ್ಕೂ ಇಲ್ಲ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್ (ವಲಸೆ ತಪಾಸಣೆ ಬೇಕಾದ) ವರ್ಗದ್ದಾಗಿದ್ದರೆ, ಕೊಲ್ಲಿಯ ಕೆಲಸಕ್ಕೆ ವಲಸೆ ಅನುಮತಿ ಪಡೆಯಲೇಬೇಕು. ಅದನ್ನು ತಪ್ಪಿಸುವ ಒಳದಾರಿಯೇ ಈ ವಿಸಿಟ್ ವೀಸಾ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ನಡೆಯುವ ತಮ್ಮನ ಮದುವೆಗೆ ನಮ್ಮ ಉಡುಪಿನ ನಿಲುವಂಗಿ ಕುಪ್ಯ, ನಡುಪಟ್ಟಿ ಚೇಲೆ, ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ಒಯ್ಯಬೇಕು. ಪೀಚೆಕತ್ತಿ ಅಜ್ಜನ ಅಜ್ಜನ ಕಾಲದ್ದು. (ಓದುಗರು, ಅಮ್ಮತ್ತಿ)

ಉತ್ತರ: ಕುಪ್ಯ, ಚೇಲೆಗಳಿಗೆ ಅಡ್ಡಿಯಿಲ್ಲ. ಪೀಚೆಕತ್ತಿಯನ್ನು ಮನೆಯಲ್ಲೇ ಬಿಡಿ ಎಂದೇ ನನ್ನ ಸಲಹೆ. ಕೈಚೀಲದಲ್ಲಂತೂ ಸಾಧ್ಯವಿಲ್ಲ, ಒಳಗಿನ ಪೆಟ್ಟಿಗೆಯಲ್ಲಿಟ್ಟರೂ ನಿಮ್ಮದರಲ್ಲಿ ಇನ್ನೆರಡು ತೊಡಕುಗಳಿವೆ. ಹಳೆಯ ಪೀಚೆಕತ್ತಿಗಳ ಹಿಡಿಗೆ ಆನೆದಂತ ಬಳಸಿರುವುದುಂಟು, ದಂತವನ್ನು ದೇಶದಾಚೆ ಒಯ್ಯುವುದಕ್ಕೆ ನಮ್ಮ ವನ್ಯಜೀವಿ ಕಾನೂನೂ ಅಂತರರಾಷ್ಟ್ರೀಯ ಒಪ್ಪಂದವೂ ಅಡ್ಡ ಬರುತ್ತವೆ. ನೂರು ವರ್ಷ ದಾಟಿದ ಕಲಾವಸ್ತುವಾದರೆ 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ಖಾಸಗಿಯವರು ಅದನ್ನು ಹೊರಗೊಯ್ಯುವಂತಿಲ್ಲ. ಮದುವೆಗೆ ಬೇಕೇ ಬೇಕೆಂದರೆ ಅಲ್ಲಿ ನೆಲೆಸಿರುವ ಕೊಡವ ಕುಟುಂಬದವರಲ್ಲಿ ಒಂದನ್ನು ಕೇಳಿ ಪಡೆಯಿರಿ. ಪತ್ತಾಕ್, ಜೋಮಾಲೆಯಂಥ ಒಡವೆ ಒಯ್ಯುವವರು ಹೊರಡುವಾಗಲೇ ಕಸ್ಟಮ್ಸ್ ಅಧಿಕಾರಿಯಿಂದ ರಫ್ತು ಪ್ರಮಾಣಪತ್ರ ಬರೆಸಿಕೊಂಡರೆ, ಮರಳುವಾಗ ಅವು ಹೊಸದಾಗಿ ಕೊಂಡವಲ್ಲವೆಂದು ತೋರಿಸಬಹುದು.

ಕತ್ತಿಯ ಪ್ರಶ್ನೆ ಬಂದದ್ದರಿಂದ ಕೋವಿಯ ಮಾತನ್ನೂ ಆಡಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿ 2029ರ ಅಕ್ಟೋಬರ್ 31ರವರೆಗೆ ವಿಸ್ತರಣೆಯಾಗಿದೆ. ಆದರೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಆ ವಿನಾಯಿತಿಯ ಮಾತು ನಡೆಯುವುದಿಲ್ಲ. ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನ ದಿನ ತೆಂಗಿನಕಾಯಿಗೆ ಗುಂಡು ಹೊಡೆಯಲು ಒಯ್ದ ಚೀಲವೇ ಎರಡು ತಿಂಗಳ ನಂತರ ಪ್ರಯಾಣದ ಚೀಲವಾಗಿ, ಅದರ ಹೊಲಿಗೆ ಬಿಟ್ಟ ಜೇಬಿನಲ್ಲಿ ಉಳಿದಿದ್ದ ಒಂದೇ ಒಂದು ಕೋವಿ ತೋಟಾ ಎಕ್ಸ್‌ರೇ ಯಂತ್ರದಲ್ಲಿ ಕಂಡು, ಪರಿಚಿತರೊಬ್ಬರು ವಿಮಾನ ತಪ್ಪಿಸಿಕೊಂಡು ಪೊಲೀಸ್ ಠಾಣೆಯಲ್ಲಿ ಹೇಳಿಕೆ ಬರೆದುಕೊಡಬೇಕಾಯಿತು. ಹಳೆಯ ಚೀಲವನ್ನೇ ಒಯ್ಯುವುದಾದರೆ ಜಗಲಿಗೆ ತಂದು ತಲೆಕೆಳಗು ಮಾಡಿ ಬಡಿದು, ಪ್ರತಿ ಜೇಬಿಗೂ ಹರಿದ ಒಳಬಟ್ಟೆಗೂ ಬೆರಳಾಡಿಸಿ ನೋಡಿದ ಮೇಲೆಯೇ ಮೊದಲ ಬಟ್ಟೆಯನ್ನು ಇಡಿ.